ಪುಕೆಕೊಹೆಯ ಬೀಪು, ಆಲ್ಬನಿಯ ತಪ್ಪು

ಶುಕ್ರವಾರ, ಬೆಳಗಿನ ಐದೂಕಾಲು. ಆಕ್ಲೆಂಡಿನ ಉತ್ತರ ತುದಿಯ ಆಲ್ಬನಿಯಲ್ಲಿ, ತರಕಾರಿ ವಿತರಣೆ ಮಾಡುವ ಸಂಸ್ಥೆಯೊಂದರ ಕಚೇರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಉಣ್ಣೆಯ ಸ್ವೆಟರ್ ತೊಟ್ಟ ಕಾತ್ಯಾಯಿನಿ ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರಗಳನ್ನೇ ನೋಡುತ್ತ ಕೂತಿದ್ದಾರೆ. ಪರದೆ ಬೀಪ್ ಎನ್ನುತ್ತದೆ. ಅವರು ಎದ್ದು ಗೋಡೆಗೆ ನೇತುಹಾಕಿದ ಬಿಳಿ ಬೋರ್ಡಿನ ಹತ್ತಿರ ಹೋಗಿ, ಅಲ್ಲಿ ಬರೆದಿರುವ ತಮ್ಮದೇ ಹೆಸರಿನ ಮುಂದೆ ಒಂದು ಗೆರೆ ಎಳೆದು ಬಂದು ಕೂರುತ್ತಾರೆ. ಆ ಬೋರ್ಡಿನ ಮೇಲೆ ಬೇರೆ ಯಾರ ಹೆಸರೂ ಇಲ್ಲ.

"ಇವತ್ತು ಮೂರನೇದು ಕಣ್ರೀ. ಪುಕೆಕೊಹೆಯ ನಾಲ್ಕನೇ ಪ್ರಿಂಟರ್ ತಡ ಮಾಡ್ತಿದೆ. ಅಂದ್ರೆ ಅಲ್ಲಿ ಒಬ್ರು ಚಳೀಲಿ ಸುಮ್ಮನೆ ಕಾಯ್ತಾ ನಿಂತಿದ್ದಾರೆ. ತಪ್ಪು ನಂದು, ಅದಕ್ಕೇ ಗೆರೆ ನಂಗೆ," ಎನ್ನುತ್ತಾರೆ.

ಈ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನನಗೆ ಅರ್ಥವಾಗಲು ಎರಡು ಬೆಳಗು ಹಿಡಿಯಿತು, ನಿಮಗೆ ಅಷ್ಟು ಬೇಡ. ಇಲ್ಲಿಂದ ಕಾರಿನಲ್ಲಿ ಒಂದು ತಾಸು ದೂರದ ಪುಕೆಕೊಹೆಯಲ್ಲಿ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ ತುಂಬುವ ಶೆಡ್ಡು ಇದೆ. ಅಲ್ಲಿ ಹನ್ನೊಂದು ಟರ್ಮಿನಲ್, ಎಂದರೆ ಪರದೆ ಮತ್ತು ಕೀಲಿಮಣೆ, ಪ್ರತಿಯೊಂದರ ಪಕ್ಕ ಒಂದು ಪ್ರಿಂಟರ್. ಅವಕ್ಕೆ ಸ್ವಂತ ಬುದ್ಧಿ ಇಲ್ಲ. ಪರದೆಯ ಮೇಲೆ ಯಾವ ಅಕ್ಷರ ಬರಬೇಕು, ಕೀಲಿಮಣೆ ಯಾವಾಗ ಬೀಗ ಹಾಕಿಕೊಳ್ಳಬೇಕು, ಪ್ರಿಂಟರ್ ಯಾವ ಲೇಬಲ್ ಅಚ್ಚುಹಾಕಬೇಕು ಎಂಬುದನ್ನೆಲ್ಲ ಹೇಳುವುದು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನೊಳಗಿನ ಪ್ರೋಗ್ರಾಂ. ಆ ಪ್ರೋಗ್ರಾಂ ಬರೆದವರು, ಒಂಬತ್ತು ವರ್ಷದಿಂದ ಸಾಕುತ್ತಿರುವವರು ಮೈಸೂರಿನ ಈ ಐವತ್ತೆರಡರ ಕಾತ್ಯಾಯಿನಿ. ದಿನಕ್ಕೆ ನಾಲ್ಕು ಸಾವಿರದ ಇನ್ನೂರು ಲೇಬಲ್. ನ್ಯೂಜಿಲೆಂಡಿನ ಅರ್ಧ ಅಡುಗೆಮನೆಗಳ ಈರುಳ್ಳಿ ಇವರ ಅಪ್ಪಣೆ ಪಡೆದೇ ಹೊರಡುತ್ತದೆ ಎಂದು ನಾನು ರಾಗ ಎಳೆದಾಗ, "ಅಯ್ಯೋ, ಹಾಗೆಲ್ಲ ಬರೀಬೇಡಿ ಸ್ವಾಮಿ," ಎಂದು ಕೈಮುಗಿಯುತ್ತಾರೆ.

ಎಲೆಮರೆಯ ಕಾಯಿ ಅಂಕಣಕ್ಕೆ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ಮೊದಲ ಸಲ ಫೋನ್ ಮಾಡಿದಾಗ ಅವರು ಒಪ್ಪಲಿಲ್ಲ. ನಾಲ್ಕನೇ ಸಲ ಕೇಳಿದಾಗ ಒಂದು ಷರತ್ತು ಹಾಕಿದರು. "ಬೀಪ್ ವಿಷಯ ಪೂರ್ತಿ ಬರೀತೀರಾ ಅಂದ್ರೆ ಬನ್ನಿ. ಇಲ್ಲಾಂದ್ರೆ ಬೇಡ." ಬೀಪ್ ಎಂದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಆ ಕಥೆಯ ಒಂದು ಚೂರು ನನಗೆ ಮೊದಲೇ ಗೊತ್ತಿತ್ತು. ಅದನ್ನೂ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಎರಡು ಸಾವಿರದ ಇಸವಿಯ, ಎಂದರೆ ನಾಲ್ಕು ವರ್ಷದ ಹಿಂದಿನ ಮಾತು. ಶೆಡ್ಡಿನಲ್ಲಿ ತಪ್ಪು ಲೇಬಲ್ ಹೆಚ್ಚಾಗಿದ್ದವು. ದೂರದ ಹಾರ್ನ್‌ಬಿ ಎಂಬ ಊರಿಗೆ ಹೋಗಬೇಕಾದ ಈರುಳ್ಳಿ ಇನ್ನೆಲ್ಲೋ ಇಳಿಯುತ್ತಿತ್ತು. ತಪ್ಪು ಮಾಡಿದವರಿಗೆ ತಪ್ಪು ಅಂತ ಗೊತ್ತಾಗುವ ಹಾಗೆ ಏನಾದರೂ ಮಾಡಿ ಎಂದು ಮ್ಯಾನೇಜರ್ ಹೇಳಿದರು. ಕಾತ್ಯಾಯಿನಿ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದರು. ಪ್ರೋಗ್ರಾಂ ಒಪ್ಪದ್ದು ಏನೇ ಬಂದರೂ ಕೀಲಿಮಣೆಗೆ ಬೀಗ, ಪರದೆಯಲ್ಲಿ 'ರಿಜೆಕ್ಟೆಡ್', ಜೊತೆಗೆ ಶೆಡ್ಡಿಗೆಲ್ಲ ಕೇಳುವಂತೆ ಒಂದು ಬೀಪ್. ತಿಂಗಳೊಳಗೆ ದಿನಕ್ಕೆ ನಲವತ್ತು ಇದ್ದ ತಪ್ಪು ಲೇಬಲ್ ಆರಕ್ಕೆ ಇಳಿಯಿತು. ಕಚೇರಿಯಲ್ಲಿ ಚಪ್ಪಾಳೆ ತಟ್ಟಿ ಸರ್ಟಿಫಿಕೇಟ್ ಕೊಟ್ಟರು. ಈಗ ಬಿಳಿ ಬೋರ್ಡು ನೇತಾಡುತ್ತಿರುವ ಮೊಳೆ ಆ ಸರ್ಟಿಫಿಕೇಟಿಗಾಗಿ ಹೊಡೆದದ್ದು.

"ಎಷ್ಟು ಮೆರೆದೆ ಅಂತೀರಾ! ಊರಿಗೆ ಫೋಟೊ ತೆಗೆದು ಕಳಿಸಿದ್ದೆ. ಆದ್ರೆ ಆ ಶೆಡ್ಡು ಹೇಗಿದೆ ಅಂತ ಒಂದು ದಿನಾನೂ ಹೋಗಿ ನೋಡಿರ್ಲಿಲ್ಲ," ಎನ್ನುತ್ತಾರೆ. ಅವರ ಪಾಲಿಗೆ ಅಲ್ಲಿದ್ದವರು ಹನ್ನೊಂದು ನಂಬರುಗಳಾಗಿದ್ದರು.

ಕಳೆದ ವರ್ಷ ಜೂನ್ ತಿಂಗಳ ಚಳಿಯಲ್ಲಿ ಆ ನಾಲ್ಕನೇ ಪ್ರಿಂಟರ್ ಕಾಗದ ಕಚ್ಚಿಕೊಳ್ಳುತ್ತಿದೆ ಎಂಬ ದೂರು ಬಂತು. ರಿಪೇರಿಯವನ ಜೊತೆ ಇವರೂ ಮೊದಲ ಸಲ ಹೊರಟರು. ಒಳಗೆ ಕಾಲಿಟ್ಟಾಗ ಬೆಳಗಿನ ಆರು ಗಂಟೆ. ನಾಲ್ಕನೇ ಟರ್ಮಿನಲ್ ಮುಂದೆ, ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟ ಅರವತ್ತರ ಹೆಂಗಸೊಬ್ಬರು ನಿಂತಿದ್ದರು. ಬೀಪ್ ಎಂದಿತು. ಸಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿದರು. ಯಾರೋ ಕೂಗಿ ಚುಡಾಯಿಸಿದರು, ಇನ್ಯಾರೋ ನಕ್ಕರು. ಆ ಹೆಂಗಸು ಭುಜ ಕುಗ್ಗಿಸಿಕೊಂಡು ಗೋಡೆಯ ಬೋರ್ಡಿನ ಹತ್ತಿರ ಹೋಗಿ ತನ್ನ ಹೆಸರಿನ ಮುಂದೆ ತಾನೇ ಗೆರೆ ಎಳೆದರು. ಬೋರ್ಡಿನ ತುಂಬ ಗೆರೆಗಳಿದ್ದದ್ದು ಆ ಒಂದು ಹೆಸರಿನ ಮುಂದೆ. ಹೆಸರು ಚಂದ್ರವ್ವ.

ಬಾಗಲಕೋಟೆ ಕಡೆಯವರು. ಮಗ ಚನ್ನವೀರ ಇಲ್ಲೇ ಇಂಜಿನಿಯರ್. ಮನೆಯಲ್ಲಿ ಕೂತು ಬೇಜಾರಾಗಿ, ನಡೆದು ಹೋಗುವಷ್ಟು ಹತ್ತಿರವಿದೆಯೆಂದು ಶೆಡ್ಡಿಗೆ ಸೇರಿದವರು. ವಾರದಲ್ಲಿ ಯಾರ ಬೀಪ್ ಹೆಚ್ಚೋ ಅವರು ಶುಕ್ರವಾರ ಇಪ್ಪತ್ಮೂರು ಜನಕ್ಕೆ ಚಹಾ ಮಾಡಿ ಕಪ್ಪು ತೊಳೆಯಬೇಕು ಎಂಬುದು ಅಲ್ಲಿಯ ತಮಾಷೆಯ ನಿಯಮ. ಮೂರು ವರ್ಷ, ಒಂದು ವಾರವೂ ತಪ್ಪದೆ, ಆ ಕಪ್ಪುಗಳನ್ನು ತೊಳೆದವರು ಚಂದ್ರವ್ವ. ಈಕೆಗೆ ಟರ್ಮಿನಲ್ ಕೆಲಸ ಆಗಿಬರುವುದಿಲ್ಲ, ಮುಂದಿನ ತಿಂಗಳಿಂದ ಕ್ಯಾರೆಟ್ ತೊಳೆಯಲು ಹಾಕುತ್ತೇನೆ ಎಂದು ಮೇಲ್ವಿಚಾರಕ ಮುರಳಿ ಅದೇ ದಿನ ಕಾತ್ಯಾಯಿನಿಯವರಿಗೆ ಹೇಳಿದರು.

ಕಾತ್ಯಾಯಿನಿ ಚಂದ್ರವ್ವನ ಬೆನ್ನ ಹಿಂದೆ ನಿಂತು ನೋಡಿದರು. ಚಂದ್ರವ್ವ ಚೀಲ ಹೋಗಬೇಕಾದ ಊರಿನ ನಂಬರು ಒತ್ತುತ್ತಾರೆ, ಸರಿಯಾಗಿದೆ. ಲೇಬಲ್ ಬರುತ್ತದೆ. ಮುಂದಿನ ನಂಬರು, ಅದೂ ಸರಿಯಾಗಿದೆ, ಆದರೂ ಬೀಪ್. ಹತ್ತು ನಿಮಿಷ ನೋಡಿದ ಮೇಲೆ ಅವರ ಕಣ್ಣು ಪ್ರಿಂಟರಿನ ಕಡೆ ಹೋಯಿತು. ಹಿಂದಿನ ಲೇಬಲ್ ಇನ್ನೂ ಪೂರ್ತಿ ಹೊರಗೆ ಬಂದಿರಲಿಲ್ಲ. ಒಂದು ಲೇಬಲ್‌ಗೆ ಪ್ರಿಂಟರ್ ಮೂರು ಸೆಕೆಂಡು ತಗೊಳ್ಳುತ್ತಿತ್ತು. ಚಂದ್ರವ್ವ ಎರಡೇ ಸೆಕೆಂಡಿನಲ್ಲಿ ಮುಂದಿನದಕ್ಕೆ ತಯಾರು.

"ತಪ್ಪು ನಂಬರ್ ಬಂದ್ರೂ ರಿಜೆಕ್ಟ್, ಪ್ರಿಂಟರ್ ರೆಡಿ ಇಲ್ಲದಿದ್ರೂ ರಿಜೆಕ್ಟ್. ಎರಡನ್ನೂ ಒಂದೇ ಕಡೆಗೆ ಕಳಿಸಿದ್ದೆ. ಬೇರೆ ಬೇರೆ ಬರೆಯೋಕೆ ಇನ್ನೊಂದು ಹತ್ತು ಸಾಲು ಬೇಕಿತ್ತು ಅಷ್ಟೆ. ಸೋಮಾರಿತನ. ಆ ಶೆಡ್ಡಲ್ಲಿ ಎಲ್ಲರಿಗಿಂತ ಚುರುಕಾಗಿ ಕೆಲಸ ಮಾಡೋರಿಗೇ ಎಲ್ಲರಿಗಿಂತ ಜಾಸ್ತಿ ಬೀಪ್ ಹೊಡೆಸಿದೆ ನಾನು," ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಮರುದಿನ ಹಳೆಯ ದಾಖಲೆ ತೆಗೆದು ನೋಡಿದರು. ಒಂದು ವರ್ಷದಲ್ಲಿ ಚಂದ್ರವ್ವನ ಟರ್ಮಿನಲ್ ಬೀಪ್ ಎಂದದ್ದು ಆರು ಸಾವಿರದ ನೂರ ನಲವತ್ತು ಸಲ. ಅದರಲ್ಲಿ ನಿಜವಾಗಿ ತಪ್ಪು ನಂಬರು ಹನ್ನೊಂದು. ಇಡೀ ಶೆಡ್ಡಿನಲ್ಲಿ ಅಷ್ಟು ಕಡಿಮೆ ತಪ್ಪು ಇನ್ನೊಬ್ಬರದಿಲ್ಲ. ಉಳಿದವರು ಬೀಪಿಗೆ ಹೆದರಿ ಕೈ ನಿಧಾನ ಮಾಡಿಕೊಂಡಿದ್ದರು. ಈ ಹೆಂಗಸಿನ ಕೈ ಮಾತ್ರ ನಿಧಾನ ಕಲಿಯಲಿಲ್ಲ.

ಇಲ್ಲಿಗೆ ಕಥೆ ಸುಖಾಂತವಾಯಿತು ಎಂದು ನಾನು ಪೆನ್ನು ಮುಚ್ಚಲು ಹೊರಟಿದ್ದೆ. "ಇರಿ, ಅಸಲು ನಾಚಿಕೆಗೇಡು ಈಗ ಬರುತ್ತೆ," ಎಂದು ತಡೆದರು ಕಾತ್ಯಾಯಿನಿ. ಮ್ಯಾನೇಜರಿಗೆ ವಿಷಯ ತಿಳಿಸಿದಾಗ, ಸದ್ದಿಲ್ಲದೆ ಸರಿಮಾಡಿ, ಶೆಡ್ಡಿನವರಿಗೆ ಹೇಳುವುದೇನೂ ಬೇಡ ಎಂದರಂತೆ. ಇವರು ಹಾಗೇ ಮಾಡಿದರು. ಪ್ರಿಂಟರ್ ತಯಾರಿಲ್ಲದಿದ್ದರೆ ಈಗ ಬೀಪ್ ಇಲ್ಲ, ನಂಬರು ತನ್ನ ಸರದಿಗೆ ಕಾಯುತ್ತದೆ. ಚಂದ್ರವ್ವನ ಬೀಪ್ ಒಂದೇ ದಿನದಲ್ಲಿ ನಿಂತಿತು. ಮೂರು ವಾರದ ನಂತರ ಮುರಳಿ ಫೋನಿನಲ್ಲಿ ನಗುತ್ತ, "ಮೇಡಂ, ನಮ್ಮ ಅಜ್ಜಿ ಕೊನೆಗೂ ಕೆಲಸ ಕಲಿತ್ರು. ಎಲ್ಲರೂ ಚಪ್ಪಾಳೆ ಹೊಡೆದ್ವಿ. ಕ್ಯಾರೆಟ್‌ಗೆ ಹಾಕಲ್ಲ ಬಿಡಿ," ಎಂದರು.

"ಆ ಚಪ್ಪಾಳೆ ಕೇಳಿ ನಂಗೆ ಊಟ ಸೇರಲಿಲ್ಲ. ಮೂರು ವರ್ಷ ಅವಮಾನ ಮಾಡಿದ್ದು ನಾನು. ಈಗ ಆಯಮ್ಮ ಕಲಿತ್ರು ಅಂತ ಇವರು ಭುಜ ತಟ್ಟೋದು! ಮೂರು ವಾರ ಬಾಯಿ ಮುಚ್ಕೊಂಡಿದ್ದೆನಲ್ಲ, ಬೀಪ್‌ಗಿಂತ ಅದೇ ದೊಡ್ಡ ತಪ್ಪು."

ಮ್ಯಾನೇಜರಿಗೆ ಹೇಳದೆ ಕಾರು ಹತ್ತಿ ಪುಕೆಕೊಹೆಗೆ ಹೋದರು. ಬೆಳಗಿನ ಚಹಾ ಬಿಡುವಿಗೆ ಇಲ್ಲಿ ಸ್ಮೋಕೋ ಎನ್ನುತ್ತಾರೆ. ಆ ಹೊತ್ತಿನಲ್ಲಿ ಎಲ್ಲರೆದುರು ನಿಂತು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದಂತೆ ಹೇಳಿದರು. ತಪ್ಪು ನನ್ನದು, ಈಕೆ ನಿಮ್ಮೆಲ್ಲರಿಗಿಂತ ಚುರುಕು, ಲೆಕ್ಕ ಇಲ್ಲಿದೆ ಎಂದು ಹಾಳೆ ಕೊಟ್ಟರು. ಯಾರೂ ನಗಲಿಲ್ಲ. ಮುರಳಿ ಬಟ್ಟೆ ತಂದು ತಾವೇ ಬೋರ್ಡು ಒರೆಸಿದರು. ಆಮೇಲೆ ಕಾತ್ಯಾಯಿನಿ ಚಂದ್ರವ್ವನ ಕೈಹಿಡಿದು ಕನ್ನಡದಲ್ಲಿ ಕ್ಷಮಿಸಿ ಎಂದರು. ಚಂದ್ರವ್ವ, "ಆತು ಬಿಡ್ರಿ ಮೇಡಂ, ಉಳ್ಳಾಗಡ್ಡಿ ಕಾಯಾಕತ್ತಾವ," ಎಂದು ಕೈ ಬಿಡಿಸಿಕೊಂಡು ಕೆಲಸಕ್ಕೆ ಹೋದರು.

ಈಗ ನನ್ನ ಪಾಲು. ಕಳೆದ ವರ್ಷ, ಇದೆಲ್ಲ ಬಯಲಾಗುವ ಮೊದಲು, ಇಲ್ಲಿಯ ಕನ್ನಡಿಗರ ಯುಗಾದಿ ಊಟದಲ್ಲಿ ಚನ್ನವೀರ ನನ್ನ ಪಕ್ಕ ಕೂತಿದ್ದರು. "ನಮ್ಮವ್ವಗ ಶೆಡ್ಡಿನಾಗ ಬೀಪ್ ಅಜ್ಜಿ ಅಂತಾರ್ರೀ," ಎಂದು ತಮಾಷೆ ಮಾಡಿದರು. ನಾನು ಹೋಳಿಗೆ ಬಾಯಲ್ಲಿಟ್ಟುಕೊಂಡೇ ನಕ್ಕೆ. ಜೋರಾಗಿಯೇ ನಕ್ಕೆ. ಚಂದ್ರವ್ವ ಎರಡು ಕುರ್ಚಿ ಆಚೆ ಕೂತಿದ್ದರು. ಈ ಬರಹಕ್ಕಾಗಿ ಅವರ ಮನೆಗೆ ಹೋದಾಗ ಅವರು ನನ್ನ ಗುರುತು ಹಿಡಿದರು, ಆದರೂ ರೊಟ್ಟಿ ಬಡಿಸಿದರು.

"ಚಾ ಮಾಡೂದು ತ್ರಾಸ ಅಲ್ಲ ಬಿಡ್ರಿ. ನಾ ಖರೇನ ದಡ್ಡಿ ಅಂತ ನಾನೂ ನಂಬಿಬಿಟ್ಟಿದ್ದೆ ನೋಡ್ರಿ, ಅದು ತ್ರಾಸ. ಮನ್ಯಾಗ ಆ ಮೈಕ್ರೋವೇವ್ ಮುಟ್ಟಾಕೂ ಅಂಜತಿದ್ದೆ. ಅದೂ ಬೀಪ್ ಅಂತೈತಲ್ರೀ. ಸೊಸಿ ಬರೂತನಾ ತಣ್ಣಂದ ಉಂತಿದ್ದೆ," ಎಂದರು. ಬಾಗಿಲ ಬಳಿ ನಿಂತಿದ್ದ ಚನ್ನವೀರ ಒಳಗೆ ಹೋದರು. ಮೊಮ್ಮಗಳು ವಚನಾ ಇಂಗ್ಲಿಷಿನಲ್ಲಿ, ಅಜ್ಜಿ ಈಗ ನನಗಿಂತ ಬೇಗ ಬಟನ್ ಒತ್ತುತ್ತಾಳೆ ಎಂದಳು.

ಈಗ ಆ ಬೀಪ್ ಕಾತ್ಯಾಯಿನಿಯವರ ಮೇಜಿಗೆ ಬಂದಿದೆ. ಶೆಡ್ಡಿನ ಯಾವ ಪ್ರಿಂಟರ್ ತಡಮಾಡಿದರೂ ಆಲ್ಬನಿಯಲ್ಲಿ ಇವರ ಪರದೆ ಕೂಗುತ್ತದೆ, ಇವರ ಹೆಸರಿನ ಮುಂದೆ ಗೆರೆ ಬೀಳುತ್ತದೆ. ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ಅವರು ಬೆಳಗಿನ ಕೆಲಸ ಮುಗಿಸಿ, ಅರ್ಧ ದಿನ ರಜೆ ಹಾಕಿ ಶೆಡ್ಡಿಗೆ ಹೋಗಿ ಇಪ್ಪತ್ಮೂರು ಜನಕ್ಕೆ ಚಹಾ ಮಾಡುತ್ತಾರೆ, ಕಪ್ಪು ತೊಳೆಯುತ್ತಾರೆ. ಇವತ್ತು ಅಂಥದ್ದೇ ಶುಕ್ರವಾರ. ನಿಮಗೇನಾದರೂ ಆಸೆ ಇದೆಯೇ ಎಂದು ಕಾರಿನಲ್ಲಿ ಕೇಳುತ್ತೇನೆ.

"ಒಂದು ವರ್ಷ ಆಯ್ತು. ಪ್ರತಿ ಸಲ ಚಂದ್ರವ್ವ ಚಹಾ ಕುಡಿದು 'ಚಲೋ ಆಗೇತಿ ಮೇಡಂ' ಅಂತಾರೆ. ಒಂದ್ಸಲ ಬೈದುಬಿಡಬಾರದಾ? ಬೈಯೋಕೂ ನಾನು ಲಾಯಕ್ಕಿಲ್ವೇನೋ ಅನ್ಸುತ್ತೆ."

ಈ ಮಾತನ್ನು ನಾನು ಚಂದ್ರವ್ವನಿಗೆ ಮುಟ್ಟಿಸುವುದಿಲ್ಲ. ಬರೆಯುವವನಿಗೂ ಅಷ್ಟಾದರೂ ನಾಚಿಕೆ ಬೇಕು.

ಒಂಬತ್ತೂವರೆ, ಸ್ಮೋಕೋ. ಶೆಡ್ಡಿನ ತುಂಬ ಈರುಳ್ಳಿ ವಾಸನೆ, ನೆಲದ ಮೇಲೆ ಕೆಂಪು ಮಣ್ಣು. ಕಾತ್ಯಾಯಿನಿ ಕಪ್ಪು ಹಂಚುತ್ತ ಬರುತ್ತಾರೆ. ಚಂದ್ರವ್ವ ಕೈಗವಸು ಬಿಚ್ಚಿ ಒಂದು ಗುಟುಕು ಕುಡಿಯುತ್ತಾರೆ. ಕಪ್ಪನ್ನು ಟರ್ಮಿನಲ್ ಪಕ್ಕ ಕುಕ್ಕಿ ಇಡುತ್ತಾರೆ.

"ಅಲ್ರೀ ಮೇಡಂ, ಮುಂಜಾನಿಂದ ಮೂರು ಸಲ ನಿಂತೀನಿ ಈ ಪ್ರಿಂಟರ್ ಮುಂದ. ಮೂರು ಸಲ! ಇದೇನ ನೀವು ನೋಡ್ಕೊಳ್ಳೂದು? ನನಗ ಮೂರು ವರ್ಷ ಬೀಪ್ ಹೊಡಿಸಿದ್ರಿ, ತುಟಿ ಪಿಟಕ್ ಅನ್ನಲಿಲ್ಲ ನಾ. ಮನಿ ಮಂದೀನೂ ನಕ್ಕರು, ಸುಮ್ಮಿದ್ದೆ. ಈಗರೆ ಒಂದು ಚಲೋ ಪ್ರಿಂಟರ್ ತರಾಕ ನಿಮಗ ಏನು ಧಾಡಿ? ಮ್ಯಾಲ ಈ ಚಾ ಬ್ಯಾರೆ! ನೀರಿಗೆ ಬಣ್ಣ ಹಚ್ಚಿದಂಗ ಆಗೇತಿ."

ಭಾಷೆ ತಿಳಿಯದವರೂ ಕಪ್ಪು ಹಿಡಿದು ನಿಂತುಬಿಡುತ್ತಾರೆ. ಕಾತ್ಯಾಯಿನಿ ತಲೆ ತಗ್ಗಿಸಿ, "ಹೌದು ಚಂದ್ರವ್ವ. ಸೋಮವಾರ ಹೊಸ ಪ್ರಿಂಟರ್ ಹಾಕಿಸ್ತೀನಿ," ಎನ್ನುತ್ತಾರೆ. "ಹಾಕಸ್ರಿ ಮತ್ತ," ಎಂದು ಚಂದ್ರವ್ವ ಕೈಗವಸು ಹಾಕಿಕೊಳ್ಳುತ್ತಾರೆ. ಚಹಾ ಮಾತ್ರ ಪೂರ್ತಿ ಕುಡಿಯುತ್ತಾರೆ.

ಇಪ್ಪತ್ಮೂರು ಕಪ್ಪು ತೊಳೆದು ಕಾತ್ಯಾಯಿನಿ ಕಾರಿನ ಹತ್ತಿರ ಬರುತ್ತಾರೆ. ಕಣ್ಣು ಕೆಂಪಾಗಿವೆ, ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ. ನನ್ನ ನೋಟ್‌ಬುಕ್ಕಿನ ಕಡೆ ಬೆರಳು ತೋರಿಸುತ್ತಾರೆ.

"ಇವತ್ತಿನ ಗೆರೆ ಮೂರು ಅಂತ ಬರ್ಕೊಂಡಿದ್ದೀರಲ್ಲ, ತಿದ್ದಿಕೊಳ್ಳಿ. ನಾಲ್ಕು. ಚಹಾಕ್ಕೂ ಒಂದು."