ಕೈ ನಡುಗಿದರೆ ಕುಡುಕನೇ?

ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟದ ನನ್ನ ತಮ್ಮನನ್ನು ಈ ಬೇಸಿಗೆಯಲ್ಲಿ ಕುಡಿತ ಬಿಡಿಸುವ ಶಿಬಿರಕ್ಕೆ ಸೇರಿಸಿದ್ದರು.

ನಗಬೇಡಿ. ಫೋನಿನಲ್ಲಿ ಕೇಳಿದಾಗ ನಾನೂ ಮೊದಲು ನಕ್ಕೆ. ಆಮೇಲೆ ಮೈಯೆಲ್ಲ ಉರಿಯಿತು.

ತಮ್ಮ ಮಂಜುನಾಥ ತಿಪಟೂರಿನಿಂದ ಹಂದನಕೆರೆ ಕಡೆಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಕೊಬ್ಬರಿ ಮೂಟೆ ಹತ್ತಿಸುವವರಿಗೂ, ಕುರಿಮರಿ ಕಂಕುಳಲ್ಲಿ ಇಟ್ಟುಕೊಂಡು ಬರುವವರಿಗೂ ಸಮಾಧಾನದಿಂದ ಕಾಯುವ ಮನುಷ್ಯ. ಅಂಥವನು ಸಂಕ್ರಾಂತಿ ಕಳೆದ ಮೇಲೆ ಬದಲಾದ. ಮೊದಲಿಗಿಂತ ಜಾಸ್ತಿ ಮುದ್ದೆ ಉಣ್ಣುತ್ತಿದ್ದ, ಆದರೂ ಸೊರಗುತ್ತಾ ಹೋದ. ಚಳಿಯಲ್ಲೂ ಬೆವರು. ಮೆಟ್ಟಿಲು ಹತ್ತಿದರೆ ಎದೆ ಡಬಡಬ. ಸಣ್ಣದಕ್ಕೂ ರೇಗಾಟ. ಕೊನೆಗೆ ಕೈ ನಡುಗತೊಡಗಿತು.

ಕೈ ನಡುಗಿದ್ದೇ ತಡ, ಬಸ್ಸಿಗೆ ಬಸ್ಸೇ ಡಾಕ್ಟರಾಯಿತು.

"ಬೆಳಗ್ಗೇನೇ ಹಾಕ್ಕೊಂಡ್ ಬಂದವ್ನೆ ಕಣ್ಲಾ!"

"ನೋಡ್ಲಾ, ಕಣ್ಣು ಹೆಂಗ್ ಬಿಡ್ತಾನೆ!"

ಮಾತು ಬಸ್ಸಿನ ಓನರ್ ಕಿವಿಗೆ ಬಿತ್ತು. "ಕುಡುಕರಿಗೆಲ್ಲ ಗಾಡಿ ಕೊಡೋಕಾಗಲ್ಲ, ಮನೇಲಿರಪ್ಪ" ಅಂದರಂತೆ. ಬಸ್ಸಿನಿಂದ ಇಳಿಸಿದ್ದು ಸರಿ ಕಣ್ರೀ. ನಡುಗುವ ಕೈಗೆ ಸ್ಟೇರಿಂಗ್ ಕೊಡಬಾರದು. ಆದರೆ ಕುಡುಕ ಎಂದು ಇಳಿಸಿದ್ದು? ಹತ್ತಿರ ಕರೆದು ಬಾಯಿ ಮೂಸಿ ನೋಡಿದರೂ ಸಾಕಿತ್ತಲ್ಲ!

ಮನೆಯವರಾದರೂ ನಂಬಿದರೇ? ಇಲ್ಲ. ಅವನ ಹೆಂಡತಿ ಲಕ್ಷ್ಮಿ, "ಅತ್ತಿಗೆ, ವಾಸ್ನೆ ಬರ್ದೇ ಇರೋಂಥದ್ದು ಏನೋ ಕುಡೀತಾರೆ" ಎಂದು ಫೋನಿನಲ್ಲಿ ಅತ್ತಳು. ಅವಳ ಅಣ್ಣ ಬಂದು ಭಾವನನ್ನು ಶಿಬಿರಕ್ಕೆ ಕರೆದುಕೊಂಡು ಹೋದ. ಮಂಜ ಬೇಡವೆಂದು ಕೂಗಾಡಿದ. ಕೂಗಾಡಿದ್ದೂ ಕುಡಿತದ ಲೆಕ್ಕಕ್ಕೇ ಹೋಯಿತು!

ಅವನ ಪುಣ್ಯ, ಶಿಬಿರಕ್ಕೆ ಬಂದವರನ್ನು ಪರೀಕ್ಷಿಸಲು ಒಬ್ಬರು ಡಾಕ್ಟರಮ್ಮ ಬಂದಿದ್ದರು. ನಾಡಿ ಹಿಡಿದರು. ಎರಡೂ ಕೈ ಮುಂದೆ ಚಾಚಿಸಿದರು. ನೀರು ನುಂಗಿಸಿ ಕತ್ತು ಮುಟ್ಟಿ ನೋಡಿದರು. "ಇವರನ್ನ ಇಲ್ಲಿಗ್ಯಾಕೆ ಕರ್ಕೊಂಡು ಬಂದ್ರಿ? ನಾಳೆನೇ ರಕ್ತ ಟೆಸ್ಟ್ ಮಾಡಿಸಿ" ಅಂದರಂತೆ.

ರಿಪೋರ್ಟ್ ಬಂತು. ಥೈರಾಯ್ಡ್ ವಿಪರೀತ ಜಾಸ್ತಿ.

"ಅದು ಹೆಂಗಸರ ಕಾಯಿಲೆ ಅಲ್ವಾ?" ಎಂದ ಲಕ್ಷ್ಮಿಯ ಅಣ್ಣ. (ಗಂಡಸರ ಕತ್ತಿನಲ್ಲಿ ಆ ಗ್ರಂಥಿಯನ್ನು ದೇವರು ಇಡುವುದನ್ನೇ ಮರೆತನೇನೋ!)

ಸುದ್ದಿ ಕೇಳಿ ನಾನು ಊರಿಗೆ ಓಡಿದೆ. ತಮ್ಮನ ಜೊತೆ ತಿಪಟೂರಿನಲ್ಲಿ ಅದೇ ಡಾಕ್ಟರ ಎದುರು ಕೂತು ಕೇಳಿದೆ: "ಮೇಡಂ, ಇದು ಯಾಕೆ ಬಂತು?"

ಅವರು ಅವಸರ ಮಾಡಲಿಲ್ಲ. "ನೋಡಿ, ಕಾರಣ ಒಂದೇ ಇರಲ್ಲ. ಮೈಯ ರಕ್ಷಣೆಗೆ ಇರೋ ಶಕ್ತಿನೇ ದಾರಿ ತಪ್ಪಿ ಥೈರಾಯ್ಡನ್ನ ಕೆಣಕುತ್ತೆ. ಜಾಸ್ತಿ ಜನಕ್ಕೆ ಬರೋದು ಹೀಗೇನೇ. ಕೆಲವರಿಗೆ ಗ್ರಂಥಿಲಿ ಗಂಟು ಬೆಳೆದು ತನ್ನಷ್ಟಕ್ಕೆ ಹಾರ್ಮೋನು ಸುರಿಸುತ್ತೆ. ವೈರಲ್ ಜ್ವರ ಬಂದು ಹೋದ್ಮೇಲೆ, ಹೆರಿಗೆ ಆದ್ಮೇಲೆ ಗ್ರಂಥಿ ಊದಿಕೊಂಡೂ ಬರಬಹುದು. ಅಯೋಡಿನ್ ಅತಿಯಾದ್ರೂ ಕಷ್ಟನೇ, ಹೃದಯಕ್ಕೆ ಕೊಡೋ ಕೆಲವು ಔಷಧಿಯಲ್ಲೂ ಅದಿರುತ್ತೆ. ಥೈರಾಯ್ಡ್ ಕಡಿಮೆ ಇರೋರು ಮಾತ್ರೆನ ಬೇಕಾಬಿಟ್ಟಿ ನುಂಗಿದ್ರೂ ಹೀಗೇ ಆಗುತ್ತೆ. ನಿಮ್ಮ ತಮ್ಮಂಗೆ ಮೊದಲನೇದು. ಟೆಸ್ಟಲ್ಲಿ ಗೊತ್ತಾಗಿದೆ."

ಆಮೇಲೆ ಅವನ ಕಡೆ ತಿರುಗಿದರು. "ಬೀಡಿ ಸೇದ್ತೀರಾ?"

"ಸೇದ್ತೀನಿ ಮೇಡಂ."

"ಇವತ್ತೇ ಬಿಡಿ. ಈ ಕಾಯಿಲೆಲಿ ಅದರಿಂದ ಕಣ್ಣು ಹಾಳಾಗುತ್ತೆ."

ಕುಡಿಯದ ಹೆಂಡಕ್ಕೆ ಊರೆಲ್ಲ ಬೈದಿತ್ತು. ಕಣ್ಣೆದುರೇ ಸೇದುತ್ತಿದ್ದ ಬೀಡಿಗೆ ಒಬ್ಬರೂ ಚಕಾರ ಎತ್ತಿರಲಿಲ್ಲ.

"ನಿಮ್ಮ ವಂಶದಲ್ಲಿ ಯಾರಿಗಾದ್ರೂ ಇತ್ತಾ?" ಎಂದು ಡಾಕ್ಟರಮ್ಮ ಕೇಳಿದರು. ಸಂಪಿಗೆ ಊರಿನಲ್ಲಿದ್ದ ನಮ್ಮ ದೊಡ್ಡಮ್ಮ ನೆನಪಾದಳು. ಕತ್ತಿನಲ್ಲಿ ಊತ, ಗುಡ್ಡೆ ಹೊರಗೆ ಬಂದಂಥ ಕಣ್ಣು, ತಡೆಯಲಾಗದ ಸಿಟ್ಟು, ಕೋಲಿನಂಥ ಮೈ. ಗಾಳಿ ಮೆಟ್ಟಿಕೊಂಡಿದೆ ಎಂದು ಅವಳ ಕೂದಲು ಹಿಡಿದು ಬೇವಿನ ಬರಲಿನಲ್ಲಿ ಹೊಡೆದಿದ್ದರಂತೆ. ಒಂದು ದಿನ ಎದೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ. ಅದನ್ನೆಲ್ಲ ಹೇಳಿ, ಅವಳಿಗೂ ಇದೇ ಇತ್ತೇ ಎಂದು ಕೇಳಿದೆ. "ಇರಬಹುದು, ಈಗ ಹೇಗೆ ಹೇಳೋದು?" ಅಂದರು ಡಾಕ್ಟರಮ್ಮ. "ಬರಲಲ್ಲಿ ಹೊಡ್ಸೋದ್ಕಿಂತ ನನ್ನನ್ನ ಶಿಬಿರಕ್ಕೆ ಕಳಿಸಿದ್ದೇ ವಾಸಿ ಬುಡಕ್ಕ" ಅಂದ ಮಂಜ.

ಮಾತ್ರೆ ಶುರುವಾಯಿತು. ತಿಂಗಳುಗಳು ಕಳೆದಂತೆ ಎದೆಬಡಿತ ಹದಕ್ಕೆ ಬಂತು, ಮೈ ತುಂಬಿಕೊಂಡಿತು, ಕೈ ನಡುಕ ನಿಂತಿತು. ಲಕ್ಷ್ಮಿ ಅವನೆದುರು ಕೂತು ಅತ್ತು ತಪ್ಪಾಯಿತು ಎಂದಳು. ಕಳೆದ ವಾರ ಡಾಕ್ಟರಮ್ಮ ಹೂಂ ಅಂದ ಮೇಲೆ ಮಂಜ ಮತ್ತೆ ಬಸ್ ಹತ್ತಿದ. ಓನರ್ ಕೀ ಕೊಟ್ಟರು, ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಮೊದಲ ಟ್ರಿಪ್ಪಿನಲ್ಲಿ ನಾನೂ ಹೋಗಿದ್ದೆ. ಹಿಂದಿನ ಸೀಟಿನಿಂದ ಒಬ್ಬ ಹಿರಿಯರು ಕೂಗಿದರು: "ಥೈರಾಯ್ಡಂತೆ ಕಣಪ್ಪ! ತೆಂಗಿನಕಾಯಿ ಜಾಸ್ತಿ ತಿಂದ್ರೆ ಹಂಗೇ ಆಯ್ತದೆ."

ಕಾಯಿಲೆಗೆ ಕಾರಣ ಹೇಳಲು ಇಷ್ಟು ಬಾಯಿಗಳಿವೆಯಲ್ಲ, "ಮೈಗೆ ಹುಷಾರಿಲ್ವೇನಪ್ಪ?" ಎಂದು ಕೇಳಲು ಒಂದಾದರೂ ಇರಬಾರದಿತ್ತೇ?