ಗಾಬರಿಯಾಗದಂಥ ಪದ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಗೆ ಉಡುಪಿ ಕಡೆಯವರೊಬ್ಬರು ಸೆಕ್ರೆಟರಿಯಾಗಿದ್ದರು. ಪಕ್ಕದ ರಾಸಾಯನಿಕ ಕಾರ್ಖಾನೆಗಳಿಂದ ವಾಸನೆ ಬಂದಾಗಲೆಲ್ಲ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲಿ ನೋಟಿಸು ಹಾಕುವುದು ಅವರ ಕೆಲಸ. ಹಾಕುವ ಮೊದಲು ಎದುರುಮನೆಯ ನನ್ನನ್ನು ಕರೆದು, ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಕೇಳುತ್ತಿದ್ದರು:

"ಸ್ಟ್ರಾಂಗ್ ಅಂದ್ರೆ ಚಹಾದ ಹಾಗಾಯ್ತು. ಸಿವಿಯರ್ ಅಂದ್ರೆ ಆಸ್ಪತ್ರೆ ನೆನಪಾಗ್ತದೆ. ಇಂಟೆನ್ಸ್ ಹಾಕುದಾ? ಜನ ಗಾಬರಿ ಆಗ್ಬಾರ್ದು ಮಾರಾಯ್ರೆ."

ನಾನು ಏನು ಹೇಳಿದರೂ ಕೊನೆಗೆ ಹೋಗುತ್ತಿದ್ದದ್ದು 'ಮೈಲ್ಡ್ ಸ್ಮೆಲ್'.

ಒಂದು ಮಧ್ಯಾಹ್ನ ಕಾರ್ಖಾನೆಗಳ ಕಡೆಯಿಂದ ದೊಡ್ಡ ಸದ್ದಾಗಿ ಕಿಟಕಿಯ ಗಾಜು ನಡುಗಿತು. ಹಿಂದೆಯೇ ಕಣ್ಣುರಿಸುವ ವಾಸನೆ. ಬಾಗಿಲು ತೆರೆದರೆ ಅವರು ಫೋನು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಸಿವಿಯರ್ ಎಂದು ಬರೆದು ಅಳಿಸಿದರು. ಸ್ಟ್ರಾಂಗ್ ಎಂದು ಬರೆದು ಅದನ್ನೂ ಅಳಿಸಿದರು. ಅಷ್ಟರಲ್ಲಿ ಮೇಲಿನ ಮಹಡಿಯ ಅಜ್ಜಿ ಬಿಟ್ಟೂ ಬಿಡದೆ ಕೆಮ್ಮುವುದು ಕೇಳಿಸಿತು. ಅವರು ಫೋನನ್ನು ನನ್ನ ಕೈಗೆ ತುರುಕಿ ಮೆಟ್ಟಿಲು ಹತ್ತಿ ಓಡಿದರು.

"ಘಾಬರೂ ನಕಾ!" ಎಂದು ಮರಾಠಿಯವರ ಬಾಗಿಲಲ್ಲಿ, "ಗಾಬರಿ ಬೇಡ, ಸ್ವಲ್ಪ ವಾಸನೆ ಅಷ್ಟೇ, ಕಿಟಕಿ ಮುಚ್ಚಿ" ಎಂದು ನಮ್ಮವರ ಬಾಗಿಲಲ್ಲಿ. ಆದರೆ ಬೆಲ್ಲಿನ ಮೇಲಿಟ್ಟ ಬೆರಳನ್ನು ಬಾಗಿಲು ತೆರೆದ ಮೇಲೂ ಅವರು ತೆಗೆಯುತ್ತಿರಲಿಲ್ಲ. ನಾಲ್ಕೂ ಮಹಡಿಗಳಲ್ಲಿ ಬೆಲ್ಲು ಒಂದೇ ಸಮನೆ ಕಿರುಚಿತು.

ನನ್ನ ಕೈಯಲ್ಲಿದ್ದ ಫೋನಿನಲ್ಲಿ 'ಸ್ಮೆಲ್' ಎಂಬ ಪದಕ್ಕೆ ಮೊದಲು ಅವರು ಬಿಟ್ಟ ಜಾಗ ಖಾಲಿಯೇ ಇತ್ತು. ನಾನೂ ಏನನ್ನೂ ತುಂಬಲಿಲ್ಲ. ಮೇಲೆ ಕಿಟಕಿಗಳು ಒಂದೊಂದಾಗಿ ದಡದಡನೆ ಮುಚ್ಚಿಕೊಳ್ಳುತ್ತಿದ್ದವು.