ಮಾವ ಪೋಪನಾದ ಮಧ್ಯಾಹ್ನ

ವೇದಿಕೆಯ ಮೇಲೆ ನಾವು ಐದು ಜನ. ನಡುವೆ ಭಾಗವತಿಕೆಗೆ ಕೂತವರು ಸಿದ್ದಾಪುರದ ಮಾಸ್ತರು. ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ, ಅದೇ ಇತಿಹಾಸವನ್ನು ಪದ್ಯ ಕಟ್ಟಿ ದೊಡ್ಡವರಿಗೆ ಹಾಡುತ್ತ ತಿರುಗುವವರು. ಅವರ ಮಗ್ಗುಲಿಗೆ ಮದ್ದಲೆಯವರು. ಬಲಗಡೆ, ಬನವಾಸಿ ಕಡೆಯಿಂದ ಬಂದ ಕಾಳುಕಡಿ ವ್ಯಾಪಾರದ ಸಾವಕಾರ್ರು. ದಪ್ಪ ಮೀಸೆಯ ಮನುಷ್ಯ, ಅವತ್ತಿನ ಮಟ್ಟಿಗೆ ಒಂದು ಕೋಟೆಯ ಒಡತಿ. ಅವರ ಪಕ್ಕ ನನ್ನ ಸೋದರಮಾವ. ಎದುರಿಗೆ, ಎಡಗಡೆ, ನಾನೊಬ್ಬನೇ. ಸಭೆಯಲ್ಲಿ ನಲವತ್ತು ಜನ ಇದ್ದಿರಬಹುದು. ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಅಮ್ಮ, ನಾವು ಕರೆಯುವಂತೆ ಆಯಿ.

ಮಾವನೂ ನಾನೂ ಮಾತು ಬಿಟ್ಟು ಅವತ್ತಿಗೆ ಏಳು ವರ್ಷ.

ತಾಳಮದ್ದಲೆ ಎಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಹೊರಗಿನವರಿಗಾಗಿ ಒಂದು ಮಾತು ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಕೂತಲ್ಲಿಯೇ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಬರೆದು ಬಾಯಿಪಾಠ ಮಾಡಿದ ಮಾತಲ್ಲ. ಎದುರಿನವರು ಏನು ಕೇಳುತ್ತಾರೆ ಎನ್ನುವುದು ಅವರು ಕೇಳುವವರೆಗೆ ತಿಳಿಯುವುದಿಲ್ಲ. ಕಥೆಯ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಎದುರಿನವರು ಮುಂದಿನ ಪದ್ಯಕ್ಕೆ ಎತ್ತಿಕೊಡುವ ತನಕ ಅಲ್ಲಿಗೆ ತಲುಪುವಂತಿಲ್ಲ. ಪಾತ್ರ ಬಿಟ್ಟು ಏಳುವುದಂತೂ ಇಲ್ಲವೇ ಇಲ್ಲ.

ನನಗೆ ಮಾತು ಕಲಿಸಿದ್ದು ಮಾವನೇ. ನನ್ನ ನಾಲ್ಕನೇ ವಯಸ್ಸಿನಲ್ಲಿ ಅಪ್ಪಯ್ಯ ತೀರಿಕೊಂಡ ಮೇಲೆ ಆಯಿ ನನ್ನನ್ನು ಕರೆದುಕೊಂಡು ನಂದೊಳ್ಳಿಯ ತವರಿಗೆ ಬಂದಳು. ಮಾವ ತಾಳಮದ್ದಲೆಯ ಕೂಟಗಳಿಗೆ ಹೋಗುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ರಾಜ ಹೇಗೆ ಮಾತಾಡುತ್ತಾನೆ, ದೂತ ಹೇಗೆ ಮಾತಾಡುತ್ತಾನೆ ಎಂದು ಗಟ್ಟಿಯಾಗಿ ಆಡಿ ತೋರಿಸುತ್ತಿದ್ದರು. ಅವರ ಎರಡೂ ಕಿವಿ ಹಿಡಿದುಕೊಂಡು ನಾನು ಅದನ್ನೇ ತಿರುಗಿ ಒಪ್ಪಿಸುತ್ತಿದ್ದೆ. ಕಿವಿ ನೋಯುತ್ತಿತ್ತೋ ಏನೋ, ಒಂದು ದಿನವೂ ಹೇಳಲಿಲ್ಲ.

ಅವರ ಅರ್ಥಗಾರಿಕೆಗೆ ಯಲ್ಲಾಪುರದ ಸುತ್ತಮುತ್ತ ‘ಬೋನು’ ಎಂದೇ ಹೆಸರು. ಎದುರಾಳಿ ಒಂದು ಉತ್ತರ ಕೊಟ್ಟರೆ ಆ ಕಡೆಯ ಬಾಗಿಲು ಹಾಕುತ್ತಿದ್ದರು, ಇನ್ನೊಂದು ಕೊಟ್ಟರೆ ಈ ಕಡೆಯದು. ಕೊನೆಗೆ ಅವನು ನಡುವೆ ನಿಂತು ಸುತ್ತ ನೋಡಬೇಕು.

ಏಳು ವರ್ಷದ ಹಿಂದೆ ಹೆಗಡೆಕಟ್ಟಾದ ಒಂದು ಕೂಟದಲ್ಲಿ ನಾನು ಹಾಗೆಯೇ ಸಿಕ್ಕಿಬಿದ್ದಿದ್ದೆ. ಮಾವ ಮುನಿ, ನಾನು ರಾಜ. ಮುನಿ ರಾಜನ ಮಗನನ್ನು ಕಾಡಿಗೆ ಕಳಿಸಿಕೊಡು ಎಂದು ಕೇಳುವ ಸಂದರ್ಭ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ, ಸೋಲುವ ಸಿಟ್ಟಿನಲ್ಲಿ, ನನ್ನ ಬಾಯಿಂದ ಬಂತು: “ಒಂದು ಕೂಸನ್ನೂ ಎತ್ತಿ ತಿಳಿಯದ ಕೈ ಅದು. ಮಗುವಿನ ಭಾರ ಎಷ್ಟೆಂದು ಅದಕ್ಕೆ ಹೇಗೆ ಗೊತ್ತಾದೀತು?”

ಮುನಿಗೆ ಆಡಿದ ಮಾತು. ಸಭೆ ಚಪ್ಪಾಳೆ ತಟ್ಟಿತು, ತಟ್ಟುತ್ತಿದ್ದ ಹಾಗೆಯೇ ನಡುವೆ ನಿಂತುಹೋಯಿತು. ಮಾವನಿಗೆ ಮಕ್ಕಳಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾವ ಪಾತ್ರವನ್ನು ಚೊಕ್ಕವಾಗಿ ಮುಗಿಸಿ, ಶಾಲು ಮಡಚಿ, ಕೊಡೆ ಎತ್ತಿಕೊಂಡು ಹೋದರು. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ. ಸಿರಸಿಯಲ್ಲಿ ನನ್ನ ಔಷಧಿ ಅಂಗಡಿಯ ಎದುರಿನ ರಸ್ತೆಯಲ್ಲೇ ನಡೆದು ಆಯಿಯನ್ನು ನೋಡಲು ಮನೆಗೆ ಹೋಗುತ್ತಿದ್ದರು, ನಾನು ಅಂಗಡಿಯಲ್ಲಿರುವ ಹೊತ್ತನ್ನೇ ನೋಡಿಕೊಂಡು. ಹೇಳಿದ್ದು ಪಾತ್ರ, ನಾನಲ್ಲ ಎಂದು ಮೊದಲ ವರ್ಷ ವಾದಿಸಿದೆ. ಆಮೇಲೆ ವಾದಿಸುವುದು ಬಿಟ್ಟೆ. ಕ್ಷಮೆ ಕೇಳಲು ಎರಡು ಸಲ ನಂದೊಳ್ಳಿಯ ತಿರುವಿನವರೆಗೆ ಹೋದವನು ಹಾಗೆಯೇ ವಾಪಸು ಬಂದಿದ್ದೇನೆ. ಏನೆಂದು ಕೇಳುವುದು? ‘ನಿಮಗೆ ಮಕ್ಕಳಿಲ್ಲ ಅಂದದ್ದು ತಪ್ಪಾಯಿತು’ ಎಂದರೆ ಅದೇ ಮಾತನ್ನು ಎರಡನೇ ಸಲ ಆಡಿದ ಹಾಗಲ್ಲವೇ?

ಹೀಗಿರುವಾಗ ಮಾಸ್ತರರ ಫೋನು ಬಂತು. ತಿಂಗಳಿಗೊಂದು ಕೂಟ, ಕೂಟಕ್ಕೊಂದು ವರ್ಷ ಎಂದು ಅವರ ಹೊಸ ಹುಚ್ಚು. ಈ ಸಲದ್ದು ಯುರೋಪಿನ ಕ್ರಿ.ಶ. 1077. “ನಿಂಗೆ ರಾಜನ ಪಾತ್ರ ಮಾರಾಯಾ. ಹಿಮದಲ್ಲಿ ಬರಿಗಾಲಲ್ಲಿ ನಿಲ್ಲೂದೊಂದೇ ಕೆಲಸ” ಎಂದರು. ಪೋಪ್ ಯಾರು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವರ್ಷದ್ದೆಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿದ್ದರು. ಜರ್ಮನಿಯ ರಾಜನಿಗೆ ಇಪ್ಪತ್ತಾರರ ಹರಯ. ರೋಮಿನ ಪೋಪ್ ವಯಸ್ಸಾದವರು. ಬಿಷಪ್ಪರನ್ನು ನೇಮಿಸುವ ಹಕ್ಕು ಯಾರದ್ದು ಎಂದು ಜಗಳ. ನೀವು ಪೋಪರೇ ಅಲ್ಲ, ಪೀಠದಿಂದ ಇಳಿಯಿರಿ ಎಂದು ರಾಜ ಓಲೆ ಬರೆಯುತ್ತಾನೆ. ಪೋಪ್ ಅವನನ್ನು ಧರ್ಮದಿಂದಲೇ ಹೊರಗೆ ಹಾಕುತ್ತಾರೆ. ವರ್ಷದೊಳಗೆ ಕ್ಷಮೆ ಪಡೆಯದಿದ್ದರೆ ನೀನು ನಮ್ಮ ರಾಜನಲ್ಲ ಎಂದು ಸಾಮಂತರು ಗಡುವು ಹಾಕುತ್ತಾರೆ. ನಡುಚಳಿಗಾಲದಲ್ಲಿ ಹೆಂಡತಿ, ಪುಟ್ಟ ಮಗನನ್ನು ಕಟ್ಟಿಕೊಂಡು ಆಲ್ಪ್ಸ್ ಬೆಟ್ಟ ದಾಟುತ್ತಾನೆ. ಹೆಂಗಸರನ್ನು ಎತ್ತಿನ ಚರ್ಮದ ಮೇಲೆ ಕೂರಿಸಿ ಹಿಮದಲ್ಲಿ ಜಾರಿಸಿಕೊಂಡು ಇಳಿಸಿದರಂತೆ. ಪೋಪ್ ಉಳಿದುಕೊಂಡಿದ್ದದ್ದು ಒಬ್ಬ ಒಡತಿಯ ಕನೋಸಾ ಕೋಟೆಯಲ್ಲಿ. ಅದರ ಬಾಗಿಲಲ್ಲಿ ರಾಜ ಮೂರು ದಿನ ಉಪವಾಸ, ಬರಿಗಾಲು. ಆಮೇಲೆ ಬಾಗಿಲು ತೆರೆಯುತ್ತದೆ. ಹಾಳೆಯ ಕೆಳಗೆ ಆ ವರ್ಷದ ಉಳಿದ ಸುದ್ದಿ: ರಾಜನ ವೈರಿಗಳು ಇನ್ನೊಬ್ಬ ರಾಜನನ್ನು ಆರಿಸಿಕೊಂಡರು, ಬಾಯೂ ಎಂಬ ಊರಲ್ಲಿ ದೊಡ್ಡ ಇಗರ್ಜಿಯನ್ನು ಪವಿತ್ರಗೊಳಿಸಿದರು, ಡಿಸೆಂಬರಿನಲ್ಲಿ ರಾಜನ ತಾಯಿ ರೋಮಿನಲ್ಲಿ ತೀರಿಕೊಂಡಳು.

ಸಿದ್ದಾಪುರಕ್ಕೆ ಹೋಗುವಾಗ ಕಾರಿನಲ್ಲಿ ಆಯಿ ಕನ್ನಡಕ ಏರಿಸಿ ಆ ಹಾಳೆ ಓದಿದಳು.

“ರಾಜನ ಆಯಿ ಅದೇ ವರ್ಷ ತೀರಿಹೋತಡ.”

“ಹೌದಡ.”

“ಪಾಪ. ಅದಾದ್ರೂ ಬಾಗಿಲು ತೆಗೆದಿದ್ದು ಕೇಳಿಕ್ಯಂಡೇ ಹೋತು.” ಹಾಳೆ ಮಡಚಿ ಚೀಲಕ್ಕೆ ಹಾಕಿ, ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, “ಯಂಗೆ ಎಪ್ಪತ್ತೊಂಬತ್ತು ಆತು, ತಮಾ.”

ಸಭಾಭವನದ ಬಾಗಿಲ ಮೂಲೆಯಲ್ಲಿ ಬಾಗಿದ ಹಿಡಿಕೆಯ ಕೊಡೆ ಒರಗಿತ್ತು. ಜನವರಿಯ ಬಿಸಿಲಲ್ಲೂ ಕೊಡೆ ಹಿಡಿದು ಬರುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ನಾನು ಅಲ್ಲಿಂದಲೇ ತಿರುಗಬೇಕೆಂದಿದ್ದೆ. ಮಾಸ್ತರು ತೋಳು ಹಿಡಿದುಕೊಂಡರು.

“ಹೇಳ್ಬಾರ್ದಿತ್ತಾ ಮಾಸ್ತರೆ?”

“ಹೇಳಿದ್ರೆ ನೀನೂ ಬರ್ತಿರ್ಲಿಲ್ಲ, ಅವ್ರೂ ಬರ್ತಿರ್ಲಿಲ್ಲ. ಅವ್ರಿಗೂ ಈಗಷ್ಟೇ ಗೊತ್ತಾಗಿದ್ದು. ನೋಡು, ಜನ ಕೂತಾಗಿದೆ.”

ಹೀಗೆ ಇಬ್ಬರನ್ನೂ ತಂದು ಎದುರುಬದುರು ಕೂರಿಸಿದರು. ಮಾವ ನನ್ನ ಕಡೆ ನೋಡಲಿಲ್ಲ. ನನ್ನ ತಲೆಯ ಮೇಲಿನ ಗೋಡೆ ಗಡಿಯಾರವನ್ನು ನೋಡಿದರು. ಅವರಿಗೂ ಹೊರಟುಹೋಗುವ ದಾರಿ ಇರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ಒಂದು ಗಂಟೆ ಸಲೀಸಾಗಿ ಹೋಯಿತು. ನಾನು ಬೆಟ್ಟ ಹತ್ತಿದೆ, ಇಳಿದೆ, ಚಳಿಯನ್ನು ವರ್ಣಿಸಿದೆ. ಫ್ಯಾನು ತಿರುಗುತ್ತಿರಲಿಲ್ಲ, ಹಿಮದ ಮಾತಾಡುತ್ತ ಬೆವರು ಒರೆಸಿಕೊಳ್ಳುವುದನ್ನು ನೋಡಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಕೋಟೆ ಬಾಗಿಲ ಪದ್ಯ ಬಂತು. ಮಾವ ಮೈಕನ್ನು ಹತ್ತಿರ ಎಳೆದುಕೊಂಡರು.

“ಬಾಗಿಲಲ್ಲಿ ನಿಂತವರು ಯಾರು?”

“ಅಪರಾಧಿ.”

“ಬಂದದ್ದು?”

“ಕ್ಷಮೆಗಾಗಿ.”

“ಕ್ಷಮೆ ಬೇಕಾದದ್ದು ನಿನಗೋ, ನಿನ್ನ ಕಿರೀಟಕ್ಕೋ?”

“ನನಗೆ.”

“ನಿನಗಾದರೆ ಗಡುವಿನ ಅಂಚಿಗೆ ಬಂದು ನಿಂತೆಯೇಕೆ? ಸಾಮಂತರು ಅಟ್ಟಿದ್ದರಿಂದ ಬಂದೆ. ಯಾರೂ ಅಟ್ಟದಿದ್ದರೆ ಬರುತ್ತಿದ್ದೆಯಾ?”

ಒಂದು ಬಾಗಿಲು ಮುಚ್ಚಿತು. ಬರುತ್ತಿದ್ದೆ ಎಂದರೆ ಸುಳ್ಳು. ಏಳು ವರ್ಷದಲ್ಲಿ ಎರಡೇ ಸಲ ಹೊರಟು, ತಿರುವಿನಿಂದಲೇ ವಾಪಸಾದವನು ನಾನು. ಬರುತ್ತಿರಲಿಲ್ಲ ಎಂದರೆ ಕ್ಷಮೆ ಕೇಳುವ ಯೋಗ್ಯತೆಯೇ ಇಲ್ಲ. “ಬರುವ ಧೈರ್ಯ ಇರಲಿಲ್ಲ” ಎಂದೆ.

“ಓಲೆ ಬರೆಯುವ ಧೈರ್ಯ ಇತ್ತು.”

ಇನ್ನೊಂದು ಬಾಗಿಲು. ಸಭೆ ‘ಭಲೇ’ ಎಂದಿತು. ಅವರಿಗೆ ಇದು ಒಳ್ಳೆಯ ಅರ್ಥಗಾರಿಕೆ. ಆಯಿ ಮಾತ್ರ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು.

“ಸರಿ. ಕ್ಷಮೆ ಯಾವ ತಪ್ಪಿಗೆ? ಬಾಯಿಬಿಟ್ಟು ಹೇಳು. ಹೆಸರಿಲ್ಲದ ತಪ್ಪನ್ನು ಯಾವ ಗುರುವೂ ಮನ್ನಿಸಲಾರ.”

ಏಳು ವರ್ಷ ನಾನು ಹೆದರಿದ್ದು ಇದೇ ಪ್ರಶ್ನೆಗೆ. ಹೇಳಿದರೆ ನಲವತ್ತು ಜನರ ಎದುರು ಅವರನ್ನು ಮತ್ತೆ ಚುಚ್ಚಿದಂತೆ. ಹೇಳದಿದ್ದರೆ ಮುಂದಿನ ಪದ್ಯವಿಲ್ಲ, ನಾನು ಇಲ್ಲಿಯೇ ಕೂತಿರಬೇಕು. ಏಳುವಂತಿಲ್ಲ. ಮಾಸ್ತರರ ಮುಖ ನೋಡಿದೆ. ಅವರು ತಾಳ ನೋಡುತ್ತಿದ್ದರು.

ಅಷ್ಟರಲ್ಲಿ ಕೋಟೆಯ ಒಡತಿ ಬಾಯಿ ಹಾಕಿದರು. “ಪೂಜ್ಯರೇ, ಹೊರಗೆ ಹಿಮ ಸುರಿಯುತ್ತಿದೆ. ಕೋಟೆ ನನ್ನದು, ಬಾಗಿಲೂ ನನ್ನದೇ.” ಅಷ್ಟಕ್ಕೆ ಗ್ರಂಥದ ಭಾಷೆ ಮುಗಿದು ಸಾವಕಾರ್ರ ಸ್ವಂತದ್ದು ಹೊರಬಂತು. “ಬೈಯೂದಿದ್ರ ಒಳಗ ಕರ್ದು ಬೈರಲ್ರೀ. ಹುಡುಗ ಥಂಡಿಗೆ ಸಾಯ್ತಾನ.”

ಸಭೆಯೆಲ್ಲ ನಕ್ಕಿತು. ಮಾವನೂ ತುಸು ನಕ್ಕರು. “ತಾಯೀ, ಬಾಗಿಲು ನಿನ್ನದು. ಅಗುಳಿ ನನ್ನದು.” ಮತ್ತೆ ನನ್ನ ಕಡೆ ತಿರುಗಿದರು. ಅವತ್ತು ಮೊದಲ ಸಲ ಕಣ್ಣಿಟ್ಟು ನೋಡಿದರು.

“ನಿನಗೆ ಬಾಯಿ ಬಾರದಿದ್ದರೆ ನಾನೇ ಕೇಳುತ್ತೇನೆ. ಓಲೆಯಲ್ಲಿ ಏನಿತ್ತು?”

“ಪೀಠದಿಂದ ಇಳಿಯಿರಿ ಎಂದು ಬರೆದಿದ್ದೆ.”

“ಪೀಠ ಮರದ್ದು. ಇಳಿ ಎಂದರೆ ಇಳಿಯಬಹುದು. ಅದು ನೋವಲ್ಲ. ಇನ್ನೇನು?”

“ಸುಳ್ಳು ಸನ್ಯಾಸಿ ಎಂದೆ.”

“ಸನ್ಯಾಸಿಗೆ ಮಕ್ಕಳಿಲ್ಲ. ಅದನ್ನು ಊರೆಲ್ಲ ಬಲ್ಲದು, ಯಾರು ಆಡಿದರೂ ನನಗೆ ಹೊಸದಲ್ಲ. ಅದೂ ನೋವಲ್ಲ. ಇನ್ನೇನು?”

ಏಳು ವರ್ಷ ಯಾವ ಮಾತನ್ನು ತಪ್ಪೆಂದು ಹೊತ್ತುಕೊಂಡು ತಿರುಗಿದ್ದೆನೋ ಅದನ್ನು ಅವರೇ ಎತ್ತಿ, ಎಲ್ಲರ ಎದುರು, ಪಕ್ಕಕ್ಕಿಟ್ಟುಬಿಟ್ಟರು. ಅದಲ್ಲದಿದ್ದರೆ ಮತ್ತೇನು?

“ರೋಮಿನ ಪೀಠದಲ್ಲಿ ಕೂತವನನ್ನು ಜನ ಏನೆಂದು ಕರೆಯುತ್ತಾರೆ, ರಾಜಾ?”

“ತಂದೆ ಎಂದು.”

“ಹೂಂ” ಎಂದರು ಅಷ್ಟೇ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಕೂತರು.

ನಾನು ಆ ಕೈಗಳನ್ನು ನೋಡಿದೆ. ಒಂದು ಕೂಸನ್ನೂ ಎತ್ತಿ ತಿಳಿಯದ ಕೈ. ನನ್ನ ಮಾತು ನನಗೇ ಕೇಳಿಸಿತು. ನಂದೊಳ್ಳಿಯ ದಾರಿಯಲ್ಲಿ ನನ್ನ ಎರಡು ಕಾಲನ್ನು ಎದೆಯ ಮೇಲೆ ಹಿಡಿದುಕೊಂಡು ನಡೆದದ್ದು ಇದೇ ಕೈ. ಹೆಗಡೆಕಟ್ಟಾದಲ್ಲಿ ಅವತ್ತು ಇಡೀ ಸಭೆಗೆ ಮಾವನಿಗೆ ಮಕ್ಕಳಿಲ್ಲ ಎನ್ನುವುದು ನೆನಪಾಯಿತು. ಅವರಿಗೆ ಮಾತ್ರ ಬೇರೆಯದೇ ಕೇಳಿಸಿತ್ತು.

ಮೈಕಿನ ಮುಂದೆ ಬಾಗಿದೆ. “ಎತ್ತಿದ ಕೈಯನ್ನು ಎತ್ತಲಿಲ್ಲ ಎಂದೆ. ತಂದೆಯಾದವರನ್ನು ಅಲ್ಲ ಎಂದೆ. ಅದು ನನ್ನ ತಪ್ಪು.”

ಮದ್ದಲೆಯವರು ಬೆರಳಾಡಿಸಲು ಹೋಗಿ ನಿಲ್ಲಿಸಿದರು. ಕೊನೆಗೆ ಮಾವ ಭಾಗವತರ ಕಡೆ ತಿರುಗಿ, ಮೊದಲಿನ ಗತ್ತು ಇಲ್ಲದ ಸ್ವರದಲ್ಲಿ ಪದ್ಯಕ್ಕೆ ಎತ್ತಿಕೊಟ್ಟರು.

“ಬಾಗಿಲು ತೆಗೆಯಿರಿ. ಅವನು ಹೊರಗೆ ನಿಂತದ್ದನ್ನು ಎಲ್ಲರೂ ನೋಡಿದರು. ಮೂರು ದಿನದಿಂದ ನಾನೂ ಒಳಗೆ ಸಿಕ್ಕಿಬಿದ್ದಿದ್ದೆ.”

ಮಾಸ್ತರು ಹಾಡಿದರು. ಮೊದಲ ಸಾಲಿನಲ್ಲೇ ತಾಳ ತಪ್ಪಿತು, ಸರಿ ಮಾಡಿಕೊಂಡರು.

ಕೂಟ ಮುಗಿದ ಮೇಲೆ ಅವಲಕ್ಕಿ, ಚಾ. ನಾನು ಮೈಕಿನ ವೈರು ದಾಟಿ ಆ ಕಡೆ ಹೋಗುವಷ್ಟರಲ್ಲಿ ಮಾವ ಸಾವಕಾರ್ರ ಜೀಪು ಹತ್ತಿಯಾಗಿತ್ತು. ಅವರ ಲೋಟದಲ್ಲಿ ಚಾ ಹಾಗೆಯೇ ಇತ್ತು.

ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಆಯಿ, “ನಿಂಗ್ಳಿಬ್ರನ್ನೂ ಕೂರ್ಸಲೆ ಮಾಸ್ತರಂಗೆ ಹೇಳಿದ್ದು ಆನೇ” ಎಂದು ಒಪ್ಪಿಕೊಂಡಳು.

“ಗೊತ್ತಾತು.”

“ಸಿಟ್ಟು ಬಂತಾ?”

“ಇಲ್ಲೆ. ಮಾವ ಮಾತಾಡದೇ ಹೋದ.”

“ಅಷ್ಟು ಹೊತ್ತು ಮತ್ತೆಂತ ಮಾಡಿದ್ದು ಅಂವ?” ಎಂದವಳು ಕಣ್ಣು ಮುಚ್ಚಿ ಸೀಟಿಗೆ ಒರಗಿದಳು.

ನನಗೆ ಸಮಾಧಾನವಿರಲಿಲ್ಲ. ಅಗುಳಿ ತೆಗೆದದ್ದು ಪೋಪ್. ಕಥೆ ಹಾಗಿದ್ದದ್ದರಿಂದ ತೆಗೆಯಲೇಬೇಕಿತ್ತು. ಮಾಸ್ತರರ ಹಾಳೆಯ ಹಿಂಬದಿಯಲ್ಲಿ ಮುಂದಿನದೂ ಇತ್ತು. ಆ ರಾಜಿ ಉಳಿಯಲಿಲ್ಲವಂತೆ. ಮೂರೇ ವರ್ಷದಲ್ಲಿ ಪೋಪ್ ಅವನನ್ನು ಮತ್ತೆ ಹೊರಗೆ ಹಾಕಿದರಂತೆ, ರಾಜ ದಂಡು ತಂದು ರೋಮಿಗೆ ಮುತ್ತಿಗೆ ಹಾಕಿದನಂತೆ, ಆ ವೃದ್ಧರು ತಮ್ಮ ಊರು ಬಿಟ್ಟು ದೂರದಲ್ಲೆಲ್ಲೋ ತೀರಿಕೊಂಡರಂತೆ. ಅಂಗಡಿಯಲ್ಲಿ ಗಿರಾಕಿಗಳಿಗೆ ಮಾತ್ರೆ ಕತ್ತರಿಸಿ ಕೊಡುತ್ತ ಅದನ್ನೇ ಯೋಚಿಸುತ್ತಿದ್ದೆ.

ಹದಿನೈದು ದಿನವಾದ ಮೇಲೆ, ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಫೋನು ಬಂತು. ಹಲೋ ಇಲ್ಲ, ಹೆಸರಿಲ್ಲ, ಮಾವನ ಸ್ವರ.

“ನಾಳೆ ಹುಲಗೋಳದಲ್ಲಿ ಕೂಟ ಇದ್ದು. ಬಸ್ಸು ಹತ್ತಲೆ ಮೊಣಕಾಲು ಕೇಳ್ತಿಲ್ಲೆ. ಕಾರು ತಗಂಡು ಬಾ.”

ಹುಲಗೋಳ ಸಿರಸಿಯ ಬುಡದಲ್ಲೇ ಇದೆ. ನಂದೊಳ್ಳಿ ಯಲ್ಲಾಪುರದ ಆಚೆ. ಮರುದಿನ ಅಷ್ಟು ದೂರ ಹೋಗಿ, ಅವರನ್ನು ಕೂರಿಸಿಕೊಂಡು, ಅದೇ ದಾರಿಯಲ್ಲಿ ಹಿಂದೆ ಬಂದೆ. ಮಾವ ಕೊಡೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಹೆಚ್ಚಿನ ದಾರಿ ನಿದ್ದೆ ಮಾಡಿದರು. ಸಿರಸಿ ಹತ್ತಿರ ಬಂದಾಗ ಎಚ್ಚರಾಗಿ, ಗಂಟಲು ಸರಿಮಾಡಿಕೊಂಡು, ರಸ್ತೆಯನ್ನೇ ನೋಡುತ್ತ ಹೇಳಿದರು:

“ಅವತ್ತು ಬೆಟ್ಟ ಇಳಿದ ಮೇಲೆ ಚಳಿ ವರ್ಣಿಸಿದ್ದು ಹೆಚ್ಚಾತು ಮಾಣಿ. ಥಂಡೀಲಿ ನಿಂತವಂಗೆ ಅಷ್ಟುದ್ದ ಮಾತು ಬತ್ತಿಲ್ಲೆ.”